ಕತ್ತರಿ ಕೆಳಗಿಡದ ಡೇವಿಡ್ ಲೀನ್

ಸಂಕಲನಕಾರರೊಬ್ಬರು ನಿರ್ದೇಶಕರಾದರು ಅಂದ ಕೂಡಲೇ ನಮಗೆ ಅದು ಬಡ್ತಿ ಸಿಕ್ಕಂತೆ ಕೇಳಿಸುತ್ತದೆ. ಇಷ್ಟು ದಿನ ಕತ್ತಲೆ ಕೋಣೆಯಲ್ಲಿ ಕೂತು ಬೇರೆಯವರು ತೆಗೆದದ್ದನ್ನು ಕತ್ತರಿಸಿ ಅಂಟಿಸುತ್ತಿದ್ದರು, ಈಗ ಬಯಲಿಗೆ ಬಂದು ತಾವೇ 'ಆ್ಯಕ್ಷನ್' ಅನ್ನುತ್ತಾರೆ, ಹಳೆ ಕೆಲಸದ ಋಣ ಮುಗಿಯಿತು ಅಂತ ಅಂದುಕೊಳ್ಳುತ್ತೇವೆ. ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಯಾಕೆ ಅಂತ ಹೇಳಲು ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರೊಬ್ಬರೇ ಅಲ್ಲ ನಿಜ. 'ಸಿಟಿಜನ್ ಕೇನ್' ಚಿತ್ರವನ್ನು ಸಂಕಲನ ಮಾಡಿದ ರಾಬರ್ಟ್ ವೈಸ್ ಮುಂದೆ 'ದ ಸೌಂಡ್ ಆಫ್ ಮ್ಯೂಸಿಕ್' ನಿರ್ದೇಶಿಸಿದರು. ನಮ್ಮಲ್ಲಿ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಸಂಕಲನ ಮಾಡಿದ ಹೃಷಿಕೇಶ್ ಮುಖರ್ಜಿ ಇದ್ದಾರೆ. ಹೃಷಿದಾ 1957ರಲ್ಲಿ ನಿರ್ದೇಶಕರಾದರು. ಅದಾದ ಮೇಲೂ 'ಮಧುಮತಿ'ಗೆ, ಮಲಯಾಳದ 'ಚೆಮ್ಮೀನ್'ಗೆ ಸಂಕಲನ ಮಾಡಿಕೊಟ್ಟರು. ಬಡ್ತಿ ಸಿಕ್ಕವರು ಹಳೆ ಮೇಜಿಗೆ ಯಾಕೆ ವಾಪಸ್ ಬರುತ್ತಾರೆ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಲೀನ್ ಅವರ ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತೇನೆ.

ಲೀನ್ ಹುಟ್ಟಿದ್ದು 1908ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಮನೆಯವರು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. ಆ ಮನೆಯಲ್ಲಿ ಸಿನಿಮಾ ನೋಡುವುದು ನಿಷಿದ್ಧ. ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸು ಚಾಪ್ಲಿನ್‌ನ ಆಟಗಳನ್ನು ಅಡುಗೆಮನೆಯಲ್ಲೇ ಅಭಿನಯಿಸಿ ತೋರಿಸುತ್ತಿದ್ದಳಂತೆ. ಸಿನಿಮಾ ಅನ್ನೋದು ಆ ಹುಡುಗನಿಗೆ ಮೊದಲು ಸಿಕ್ಕಿದ್ದು ಹಾಗೆ, ಇನ್ನೊಬ್ಬರ ಬಾಯಿಂದ, ಕೈಕಾಲಿನಿಂದ. ಆಮೇಲೆ ಚಿಕ್ಕಪ್ಪ ಕೊಟ್ಟ ಒಂದು ಬ್ರೌನಿ ಕ್ಯಾಮೆರಾ. ಅಪ್ಪ ಲೆಕ್ಕಪರಿಶೋಧಕರು. ಮಗನೂ ಅದೇ ಕಚೇರಿಯಲ್ಲಿ ಕೂತ. ಮನಸ್ಸು ನಿಲ್ಲಲಿಲ್ಲ. 1927ರಲ್ಲಿ ಗೋಮಾಂಟ್ ಸ್ಟುಡಿಯೋ ಸೇರಿದರು. ಮೊದಲ ತಿಂಗಳು ಸಂಬಳವಿಲ್ಲ, ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದರು. ಚಹಾ ತಂದುಕೊಡುವುದು, ಕ್ಲಾಪ್ ಬೋರ್ಡ್ ಹಿಡಿಯುವುದು, ಹೇಳಿದ ಕಡೆ ಓಡುವುದು.

ಅವರು ಹೋದ ಹೊತ್ತು ಚೆನ್ನಾಗಿತ್ತು. ಮೂಕಿ ಚಿತ್ರ ಹೋಗಿ ಟಾಕಿ ಬರುತ್ತಿದ್ದ ಕಾಲ ಅದು. ಅಲ್ಲಿವರೆಗೆ ಸಂಕಲನ ಅಂದರೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಕತ್ತರಿಸುವ ಕೆಲಸ. ಈಗ ಚಿತ್ರದ ಪಟ್ಟಿ ಒಂದು, ಶಬ್ದದ ಪಟ್ಟಿ ಇನ್ನೊಂದು. ತುಟಿ ಅಲ್ಲಾಡುವಾಗ ಮಾತು ಕೇಳಬೇಕು, ಬಾಗಿಲು ಮುಚ್ಚಿದಾಗಲೇ ಸದ್ದು ಬರಬೇಕು. ಎರಡನ್ನೂ ಸರಿಯಾಗಿ ಕೂಡಿಸಬೇಕು. ಈ ವಿದ್ಯೆ ಹಳಬರಲ್ಲಿ ತುಂಬಾ ಜನಕ್ಕೆ ಬರುತ್ತಿರಲಿಲ್ಲ. ಲೀನ್ ಕಲಿತುಕೊಂಡರು. 1930ರ ಹೊತ್ತಿಗೆ ಸುದ್ದಿಚಿತ್ರಗಳ ಸಂಕಲನಕಾರರಾಗಿದ್ದರು, ಮೊದಲು ಗೋಮಾಂಟ್‌ಗೆ, ನಂತರ ಬ್ರಿಟಿಷ್ ಮೂವಿಟೋನ್‌ಗೆ. ವಾರಕ್ಕೆ ಎರಡು ಸಲ ಹೊಸ ಸುದ್ದಿ ರೀಲು ಥಿಯೇಟರಿಗೆ ಹೋಗಬೇಕಿತ್ತು. ಕುದುರೆ ಓಟ, ಹಡಗಿನ ಉದ್ಘಾಟನೆ, ಪ್ರವಾಹ, ರಾಜಮನೆತನದ ಮದುವೆ, ಏನು ಬಂದರೂ ಸರಿ. ಯೋಚಿಸುತ್ತಾ ಕೂರುವ ಹಾಗಿಲ್ಲ. ಯಾವ ಶಾಟ್ ಕತೆ ಹೇಳುತ್ತದೆ, ಯಾವುದು ಸುಮ್ನೆ ಜಾಗ ತಿನ್ನುತ್ತದೆ ಅಂತ ಕಣ್ಣು ತಾನಾಗಿಯೇ ಕಲಿತುಬಿಡುತ್ತದೆ. ಲೀನ್ ಅವರ ನಿಜವಾದ ಶಾಲೆ ಇದೇ ಅಂತ ನನಗನ್ನಿಸುತ್ತದೆ.

1930ರ ದಶಕ ಮುಗಿಯುವಾಗ ಬ್ರಿಟನ್ನಿನಲ್ಲಿ ಎಲ್ಲರಿಗೂ ಬೇಕಾದ ಸಂಕಲನಕಾರ ಅವರಾಗಿದ್ದರು. ಬರ್ನಾರ್ಡ್ ಶಾ ನಾಟಕದ 'ಪಿಗ್ಮೇಲಿಯನ್' (1938), ಮೈಕೆಲ್ ಪೊವೆಲ್ ಅವರ '49ತ್ ಪ್ಯಾರಲಲ್' (1941), ಎಲ್ಲ ಅವರ ಮೇಜಿನ ಮೇಲಿಂದಲೇ ಹೋದವು. ನಿರ್ದೇಶನದ ಅವಕಾಶವೂ ಬರುತ್ತಿತ್ತು. ಥಿಯೇಟರುಗಳು ಇಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನು ತೋರಿಸಲೇಬೇಕು ಅಂತ 1927ರಲ್ಲಿ ಕಾನೂನು ಬಂದಿತ್ತು. ಆ ಪಾಲು ತುಂಬಿಸಲು ಕಡಿಮೆ ದುಡ್ಡಿನಲ್ಲಿ, ಗಡಿಬಿಡಿಯಲ್ಲಿ ಚಿತ್ರ ಸುತ್ತುತ್ತಿದ್ದರು. 'ಕೋಟಾ ಕ್ವಿಕಿ' ಅಂತಲೇ ಅವಕ್ಕೆ ಹೆಸರು. ಅಂಥದ್ದನ್ನು ನಿರ್ದೇಶಿಸಿ ಅಂತ ಕರೆ ಬಂದಾಗ ಲೀನ್ ಬೇಡ ಅಂದರು. ಕೆಟ್ಟ ಚಿತ್ರ ಮಾಡಿದರೆ ಅದು ತನ್ನ ಹೆಸರಿಗೇ ಅಂಟಿಕೊಳ್ಳುತ್ತದೆ ಅಂತ ಅವರಿಗೆ ಗೊತ್ತಿತ್ತು. ಮೂವತ್ತು ದಾಟಿದ, ಆಸೆ ಇದ್ದ ಮನುಷ್ಯ ಹೀಗೆ ಕಾದು ಕೂರುವುದು ಸಣ್ಣ ವಿಷಯ ಅಲ್ಲ. ಅದರ ಬಗ್ಗೆ ನನಗೆ ತುಂಬಾ ಗೌರವ.

ಕಾದಿದ್ದಕ್ಕೆ ಫಲ ಬಂದದ್ದು ಯುದ್ಧದ ನಡುವೆ. ನಾಟಕಕಾರ ನೋಯೆಲ್ ಕವರ್ಡ್ ನೌಕಾಪಡೆಯ ಮೇಲೆ ಚಿತ್ರ ಮಾಡಲು ಹೊರಟಿದ್ದರು. ಲಾರ್ಡ್ ಮೌಂಟ್‌ಬ್ಯಾಟನ್ ಅವರ ಹಡಗು 'ಎಚ್‌ಎಂಎಸ್ ಕೆಲ್ಲಿ' 1941ರಲ್ಲಿ ಕ್ರೀಟ್ ದ್ವೀಪದ ಬಳಿ ಮುಳುಗಿತ್ತು. ಕತೆಯ ಬೇರು ಅಲ್ಲಿದೆ. ಹೌದು, ಮುಂದೆ ನಮ್ಮಲ್ಲಿಗೆ ಕೊನೆಯ ವೈಸ್‌ರಾಯ್ ಆಗಿ ಬಂದ ಅದೇ ಮೌಂಟ್‌ಬ್ಯಾಟನ್. ಕವರ್ಡ್ ಅವರಿಗೆ ಮಾತು ಬರೆಯುವುದು ಗೊತ್ತು, ನಟನೆ ಗೊತ್ತು, ಕ್ಯಾಮೆರಾ ಗೊತ್ತಿಲ್ಲ. ಅವರ ಪಕ್ಕ ನಿಲ್ಲಲು ಲೀನ್ ಅವರನ್ನು ಕರೆದರು. ಲೀನ್ ಇಟ್ಟ ಷರತ್ತು ಒಂದೇ, ನಿರ್ದೇಶಕ ಅಂತ ತನ್ನ ಹೆಸರೂ ಬರಬೇಕು. ಬಂತು. 'ಇನ್ ವಿಚ್ ವಿ ಸರ್ವ್' (1942) ಶುರುವಾದ ಸ್ವಲ್ಪ ದಿನಕ್ಕೆ ಕವರ್ಡ್‌ಗೆ ಸೆಟ್ಟಿನ ತಾಂತ್ರಿಕ ರಗಳೆ ಬೇಸರವಾಯಿತು. ಕೆಲಸ ಹೆಚ್ಚುಕಡಿಮೆ ಪೂರ್ತಿ ಲೀನ್ ಕೈಗೆ ಬಂತು.

ಈ ಚಿತ್ರದ ಕಟ್ಟಡ ನೋಡಿ. ಹಡಗು ಬೇಗನೇ ಮುಳುಗಿಹೋಗುತ್ತದೆ. ಉಳಿದವರು ಎಣ್ಣೆ ಹರಡಿದ ನೀರಿನಲ್ಲಿ ಒಂದು ತೆಪ್ಪ ಹಿಡಿದು ತೇಲುತ್ತಿದ್ದಾರೆ. ಅಲ್ಲಿಂದ ಒಬ್ಬೊಬ್ಬರ ನೆನಪಿಗೆ ಹೋಗಿ ಬರುತ್ತೇವೆ. ಮನೆ, ಹೆಂಡತಿ, ಕ್ರಿಸ್‌ಮಸ್ ಊಟ, ಮತ್ತೆ ತೆಪ್ಪ. ಇದು ಕತ್ತರಿ ಹಿಡಿದು ಬೆಳೆದವರ ಯೋಚನೆ. ಯಾವುದರ ಪಕ್ಕ ಯಾವುದನ್ನು ಇಟ್ಟರೆ ನೋವು ಹೆಚ್ಚುತ್ತದೆ ಅಂತ ಲೆಕ್ಕ ಹಾಕುವವರು ಚಿತ್ರೀಕರಣಕ್ಕೂ ಮೊದಲೇ ಸಂಕಲನ ಶುರುಮಾಡಿರುತ್ತಾರೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಬ್ರೀಫ್ ಎನ್‌ಕೌಂಟರ್' (1945). ಮರಳುಗಾಡಿಲ್ಲ, ಸೈನ್ಯವಿಲ್ಲ. ಒಂದು ರೈಲು ನಿಲ್ದಾಣದ ಟೀ ಅಂಗಡಿ, ಬೇರೆ ಬೇರೆ ಸಂಸಾರ ಇರುವ ಇಬ್ಬರು, ಅಷ್ಟೇ. ನಿಲ್ದಾಣದ ದೃಶ್ಯಗಳನ್ನು ಲ್ಯಾಂಕಾಶೈರ್‌ನ ಕಾರ್ನ್‌ಫರ್ತ್‌ನಲ್ಲಿ ತೆಗೆದರು. ಯುದ್ಧ ಇನ್ನೂ ನಡೆಯುತ್ತಿತ್ತು, ರಾತ್ರಿ ದೀಪ ಹಚ್ಚಿ ಕೆಲಸ ಮಾಡಲು ಲಂಡನ್ನಿನಿಂದ ದೂರ ಹೋಗಬೇಕಿತ್ತು.

ಚಿತ್ರ ಶುರುವಾಗುವಾಗ ಆ ಅಂಗಡಿಯ ಮೂಲೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಕೂತಿರುತ್ತಾರೆ. ಅವರು ಯಾರೋ ನಮಗೆ ಗೊತ್ತಿಲ್ಲ. ಕ್ಯಾಮೆರಾಕ್ಕೂ ಅವರ ಮೇಲೆ ದೊಡ್ಡ ಗಮನವಿಲ್ಲ, ಕೌಂಟರಿನ ಹತ್ತಿರದ ಹರಟೆಯನ್ನೇ ನೋಡುತ್ತಿರುತ್ತದೆ. ಪರಿಚಯದ ಡಾಲಿ ಅನ್ನುವ ಹೆಂಗಸು ನುಗ್ಗಿ ಬಂದು ಕೂತು ಮಾತು ಶುರುಮಾಡುತ್ತಾಳೆ. ಗಂಡಸಿನ ರೈಲು ಬರುತ್ತದೆ. ಎದ್ದು, ಆ ಹೆಂಗಸಿನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಹೋಗುತ್ತಾನೆ. ಡಾಲಿ ಕೌಂಟರಿಗೆ ಹೋಗಿ ತಿರುಗಿ ನೋಡಿದರೆ ಹೆಂಗಸು ಜಾಗದಲ್ಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಾಳೆ. ಎಕ್ಸ್‌ಪ್ರೆಸ್ ಹೋಗೋದು ನೋಡೋಕೆ ಹೋಗಿದ್ದೆ ಅನ್ನುತ್ತಾಳೆ. ನಾವೂ ಸರಿ ಅಂದುಕೊಳ್ಳುತ್ತೇವೆ.

ಆಮೇಲೆ ಪೂರ್ತಿ ಕತೆ ಬರುತ್ತದೆ. ಕೊನೆಗೆ ಅದೇ ಟೀ ಅಂಗಡಿ, ಅದೇ ಮೂಲೆ, ಅದೇ ಡಾಲಿ. ಈಗ ನಮಗೆ ಗೊತ್ತು, ಅವರಿಬ್ಬರೂ ಇನ್ನೆಂದೂ ಸೇರುವುದಿಲ್ಲ. ಅವರಿಗೆ ಉಳಿದಿದ್ದ ಕಡೆಯ ಕೆಲವು ನಿಮಿಷಗಳನ್ನು ಡಾಲಿ ತಿಂದುಹಾಕಿದ್ದಾಳೆ. ಭುಜದ ಮೇಲಿನ ಆ ಕೈ ಈಗ ತಡೆಯಲಾಗುವುದಿಲ್ಲ. ಡಾಲಿ ಕೌಂಟರಿಗೆ ಹೋದಾಗ ಈ ಸಲ ನಾವು ಒಳಗೆ ಉಳಿಯುವುದಿಲ್ಲ. ಲಾರಾ ಅನ್ನುವ ಆ ಹೆಂಗಸಿನ ಜೊತೆ ಪ್ಲಾಟ್‌ಫಾರಂಗೆ ಓಡುತ್ತೇವೆ. ಮುಖಕ್ಕೆ ರೈಲಿನ ಬೆಳಕು ಬಡಿಯುತ್ತದೆ. ಅವಳು ಹೋಗಿದ್ದು ಎಕ್ಸ್‌ಪ್ರೆಸ್ ನೋಡಲು ಅಲ್ಲ.

ಮೊದಲ ಸಲ ಆ ಶಾಟನ್ನು ಕೊಡದೆ ಒಂದು ಗಂಟೆಗೂ ಹೆಚ್ಚು ಹೊತ್ತು ಇಟ್ಟುಕೊಂಡರಲ್ಲ, ಅದೇ ಲೀನ್. ಲಾರಾ ಪಾತ್ರ ಮಾಡಿದ ಸಿಲಿಯಾ ಜಾನ್ಸನ್ ಅವರ ಕಣ್ಣುಗಳ ಬಗ್ಗೆ, ರಾಖ್ಮನಿನೋವ್ ಸಂಗೀತದ ಬಗ್ಗೆ ಜನ ಬೇಕಾದಷ್ಟು ಬರೆದಿದ್ದಾರೆ. ಎಲ್ಲ ಸರಿ. ಆದರೆ ಆ ಚಿತ್ರ ನಮ್ಮನ್ನು ಅಳಿಸುವುದು ತಡೆಹಿಡಿದ ಒಂದು ಶಾಟಿನಿಂದ.

'ಆಲಿವರ್ ಟ್ವಿಸ್ಟ್' (1948) ನೋಡಿದವರಿಗೆ ನಾಯಿ ನೆನಪಿರುತ್ತದೆ. ಕಳ್ಳ ಬಿಲ್ ಸೈಕ್ಸ್ ತನ್ನ ಗೆಳತಿ ನ್ಯಾನ್ಸಿಯನ್ನು ಕೊಲ್ಲುವುದನ್ನು ಲೀನ್ ತೋರಿಸುವುದಿಲ್ಲ. ಸೈಕ್ಸ್‌ನ ನಾಯಿ ಹೆದರಿ, ಹೊರಗೆ ಓಡಿಹೋಗಲು ಬಾಗಿಲನ್ನು ಉಗುರಿನಿಂದ ಪರಪರ ಕೆರೆಯುತ್ತದೆ. ಅಷ್ಟೇ. ಆ ಮನುಷ್ಯನ ಎಲ್ಲ ಕ್ರೌರ್ಯ ನೋಡಿ ಅಭ್ಯಾಸವಾದ ನಾಯಿಗೇ ತಡೆಯಲಾಗುತ್ತಿಲ್ಲ ಅಂದರೆ ಒಳಗೆ ಏನಾಗುತ್ತಿರಬೇಕು! ಅದೇ ಚಿತ್ರದಲ್ಲಿ ಅಲೆಕ್ ಗಿನ್ನೆಸ್ ಮಾಡಿದ ಫೇಗಿನ್ ಪಾತ್ರದ ದೊಡ್ಡ ಮೂಗಿನ ಮೇಕಪ್ ಯಹೂದಿಗಳನ್ನು ಹಳಿಯುವಂತಿದೆ ಅಂತ ಪ್ರತಿಭಟನೆ ಆಯಿತು. ಅಮೆರಿಕದಲ್ಲಿ ಬಿಡುಗಡೆ 1951ರವರೆಗೆ ಮುಂದಕ್ಕೆ ಹೋಯಿತು, ಅದೂ ಕತ್ತರಿ ಹಾಕಿದ ಮೇಲೆ. ಆ ಪ್ರತಿಭಟನೆ ನ್ಯಾಯವಾದದ್ದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' (1957) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶ್ರೀಲಂಕಾದಲ್ಲಿ ತೆಗೆದರು, ಏಳು ಆಸ್ಕರ್ ಬಂತು, ಲೀನ್ ಪ್ರಪಂಚಕ್ಕೆಲ್ಲ ಗೊತ್ತಾದರು. ಅಲ್ಲಿಂದ ಅವರು 'ದೊಡ್ಡ ಚಿತ್ರಗಳ ನಿರ್ದೇಶಕ'. ಅಲ್ಲಿಂದಲೇ ನಾವು ಅವರ ಕತ್ತರಿಯನ್ನು ಮರೆತದ್ದು.

'ಲಾರೆನ್ಸ್ ಆಫ್ ಅರೇಬಿಯಾ' (1962) ಅಂದರೆ ಎಲ್ಲರೂ ಮರಳುಗಾಡು ಅನ್ನುತ್ತಾರೆ. ಆ ಚಿತ್ರದ ಸಂಕಲನಕಾರರು ಆ್ಯನ್ ವಿ. ಕೋಟ್ಸ್. ಕೈರೋದ ಕಚೇರಿಯಲ್ಲಿ ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಮುಖದ ಮುಂದೆ ಹಿಡಿದು, ನೋಡಿ, ಉಫ್ ಅಂತ ಊದುತ್ತಾನೆ. ಮರುಕ್ಷಣ ಮರಳುಗಾಡಿನ ಅಂಚು, ಕೆಂಪು ಆಕಾಶ, ಇನ್ನೂ ಹುಟ್ಟದ ಸೂರ್ಯ. ಸಿನಿಮಾ ಶಾಲೆಗಳಲ್ಲಿ ಇವತ್ತಿಗೂ ತೋರಿಸುವ ಕಟ್ ಇದು. ಇದು ಹುಟ್ಟಿದ ಬಗೆಯನ್ನು ಕೋಟ್ಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಚಿತ್ರಕತೆಯಲ್ಲಿ ಇದ್ದದ್ದು ಡಿಸಾಲ್ವ್, ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು. ಆಗ ಡಿಸಾಲ್ವ್ ಆಗುತ್ತಿದ್ದದ್ದು ಲ್ಯಾಬಿನಲ್ಲಿ. ಸಂಕಲನದ ಮೇಜಿನಲ್ಲಿ ಎರಡು ಶಾಟುಗಳನ್ನು ಹಾಗೇ ಅಂಟಿಸಿ ನೋಡುತ್ತಿದ್ದರು. ಹಾಗೆ ನೋಡಿದಾಗ ಇಬ್ಬರಿಗೂ ಏನೋ ಹೊಳೆಯಿತು. ಕರಗಿಸುವುದೇ ಬೇಡ. ಬಹುಮಟ್ಟಿಗೆ ಸರಿಯಾಗಿದೆ, ತೆಗೆದುಕೊಂಡು ಹೋಗಿ ಪೂರ್ತಿ ಸರಿಮಾಡು ಅಂತ ಲೀನ್ ಹೇಳಿದರಂತೆ. ಕೋಟ್ಸ್ ತೆಗೆದದ್ದು ಎರಡು ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡುವ ಫಿಲ್ಮಿನಲ್ಲಿ ಎರಡು ಅಂದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ತಾನೇ ದೊಡ್ಡ ಸಂಕಲನಕಾರನಾಗಿದ್ದ ನಿರ್ದೇಶಕ ಇನ್ನೊಬ್ಬ ಸಂಕಲನಕಾರಳ ಕೈಗೆ ಕತ್ತರಿ ಕೊಟ್ಟು 'ಸರಿಮಾಡು' ಅಂದದ್ದು. ಎಷ್ಟು ತೆಗೆಯಬೇಕು ಅಂತ ಹೇಳಲಿಲ್ಲ. ಅವಳಿಗೆ ಗೊತ್ತು ಅಂತ ಅವರಿಗೆ ಗೊತ್ತಿತ್ತು. ಕೋಟ್ಸ್‌ಗೆ ಆ ಚಿತ್ರಕ್ಕೆ ಆಸ್ಕರ್ ಬಂತು.

ಅದೇ ಚಿತ್ರದಲ್ಲಿ ಒಮರ್ ಷರೀಫ್ ಬರುವ ದೃಶ್ಯವಿದೆ. ಬಿಸಿಲುಗುದುರೆಯೊಳಗಿಂದ ಒಂದು ಕಪ್ಪು ಚುಕ್ಕೆ ನಿಧಾನಕ್ಕೆ ಒಂಟೆಯ ಮೇಲಿನ ಮನುಷ್ಯನಾಗುತ್ತದೆ. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಇದಕ್ಕೆಂದೇ ತುಂಬ ಉದ್ದದ ಲೆನ್ಸ್ ತಂದಿದ್ದರು. ನಾವು ನೋಡುವುದಕ್ಕಿಂತ ಆ ದೃಶ್ಯ ಮೊದಲು ಇನ್ನೂ ಉದ್ದವಾಗಿತ್ತು. ಅಷ್ಟು ಹೊತ್ತು ಹಿಡಿದಿಡುವ ಧೈರ್ಯ ಸಾಲದೆ ಕತ್ತರಿಸಿಬಿಟ್ಟೆ ಅಂತ ಲೀನ್ ಮುಂದೆ ಪೇಚಾಡಿದ್ದಾರೆ. ಕಡಿಮೆ ಮಾಡುವುದು ಮಾತ್ರವೇ ಸಂಕಲನ ಅಂತ ತಿಳಿದವರು ಇದನ್ನು ಗಮನಿಸಬೇಕು. ಎಲ್ಲಿವರೆಗೆ ಕತ್ತರಿಸದೆ ಕೂರಬಹುದು ಅನ್ನುವುದೂ ಅದೇ ವಿದ್ಯೆಯ ಇನ್ನೊಂದು ಪಾಠ.

ಆ ವಿದ್ಯೆ ಕೈಕೊಟ್ಟದ್ದೂ ಇದೆ. 'ರಯಾನ್ಸ್ ಡಾಟರ್' (1970) ಐರ್ಲೆಂಡಿನ ಡಿಂಗಲ್ ತೀರದಲ್ಲಿ ತೆಗೆದ ಚಿತ್ರ. ಬಿರುಗಾಳಿಯ ದೃಶ್ಯ ಅದ್ಭುತ. ಆದರೆ ಒಂದು ಸಣ್ಣ ಪ್ರೇಮದ ಕತೆ ಮೂರು ಗಂಟೆಗೂ ಮೀರಿದ ಭಾರ ಹೊರಲಾಗದೆ ಬಳಲುತ್ತದೆ. 'ಬ್ರೀಫ್ ಎನ್‌ಕೌಂಟರ್' ಮಾಡಿದವರೇ ಇದನ್ನೂ ಮಾಡಿದರಾ ಅಂತ ಅನ್ನಿಸುತ್ತದೆ. ನ್ಯೂಯಾರ್ಕಿನ ಅಲ್‌ಗಾಂಕ್ವಿನ್ ಹೋಟೆಲಿನಲ್ಲಿ ಅಮೆರಿಕದ ವಿಮರ್ಶಕರು ಲೀನ್ ಅವರನ್ನು ಎದುರಿಗೆ ಕೂರಿಸಿಕೊಂಡು ತರಾಟೆಗೆ ತೆಗೆದುಕೊಂಡರು. ಚಿತ್ರ ಉದ್ದ ಅಂದದ್ದು ಸರಿ. ಆದರೆ ಒಬ್ಬ ಕಲಾವಿದನನ್ನು ಹಾಗೆ ಜರೆದದ್ದು ಸರಿಯಲ್ಲ. ಆಮೇಲೆ 14 ವರ್ಷ ಅವರ ಚಿತ್ರವೇ ಬರಲಿಲ್ಲ. 'ಬೌಂಟಿ' ಹಡಗಿನ ದಂಗೆಯ ಮೇಲೆ ಎರಡು ಚಿತ್ರ ಮಾಡಲು ವರ್ಷಗಟ್ಟಲೆ ಕೆಲಸ ಮಾಡಿದರು, ಅದೂ ಕೈಗೂಡಲಿಲ್ಲ.

ಕೊನೆಗೆ ಅವರು ಬಂದದ್ದು ನಮ್ಮ ಕಡೆಗೆ. ಇ. ಎಂ. ಫಾರ್ಸ್ಟರ್ ಬದುಕಿದ್ದಷ್ಟು ದಿನ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನು ಸಿನಿಮಾ ಮಾಡಲು ಬಿಟ್ಟಿರಲಿಲ್ಲ. ಅವರು ಹೋದ ಮೇಲೆ ಹಕ್ಕು ಸಿಕ್ಕಿತು. ನಿರ್ಮಾಪಕರಲ್ಲಿ ಒಬ್ಬರು ಜಾನ್ ಬ್ರೇಬೋರ್ನ್, ಮೌಂಟ್‌ಬ್ಯಾಟನ್ ಅವರ ಅಳಿಯ. ಮಾವನ ಹಡಗಿನ ಕತೆಯಿಂದ ಶುರುವಾದ ನಿರ್ದೇಶನ ಅಳಿಯನ ಚಿತ್ರದಲ್ಲಿ ಮುಗಿಯುವುದಿತ್ತು.

ಕಾದಂಬರಿಯ ಮಾರಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳು. ಲೀನ್ ಹೋಗಿ ನೋಡಿದರು. ಬೆಟ್ಟ ತೀರಾ ಚಪ್ಪಟೆ ಅನ್ನಿಸಿತು. ಡಕಾಯಿತರ ಭಯವೂ ಇತ್ತು. ಆಗ ಅವರ ಕಣ್ಣಿಗೆ ಬಿದ್ದದ್ದು ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ. 'ಶೋಲೆ'ಯ ಗಬ್ಬರ್ ಅಡ್ಡಾಡಿದ ಬಂಡೆಗಳ ಸೀಮೆಯೇ ಇದು. ಗುಹೆ ಇಲ್ಲದ ಕಡೆ ಬಂಡೆ ಕೊರೆದು ಗುಹೆಯ ಬಾಯಿ ಮಾಡಿಕೊಂಡರು. ಕತೆ ನಡೆಯುವ ಊರನ್ನು ಬೆಂಗಳೂರಿನಲ್ಲಿ ಕಟ್ಟಿದರು. ಗುಹೆಗೆ ಹೋಗುವ ರೈಲಿಗೆ ನೀಲಗಿರಿಯ ಪುಟ್ಟ ರೈಲು. ಸಾವನದುರ್ಗದ ಬೋಳು ಬಂಡೆಯನ್ನು ಬಿಸಿಲಿನಲ್ಲಿ ನೋಡಿದವರಿಗೆ ಗೊತ್ತು, ಅದು ಮನುಷ್ಯರನ್ನು ಎಷ್ಟು ಸಣ್ಣದು ಮಾಡಿಬಿಡುತ್ತದೆ ಅಂತ. ಲೀನ್ ಅವರಿಗೆ ಬೇಕಿದ್ದದ್ದು ಅದೇ.

ಈ ಚಿತ್ರವನ್ನು ಬರೆದವರು ಲೀನ್, ನಿರ್ದೇಶಿಸಿದವರು ಲೀನ್, ಸಂಕಲನ ಮಾಡಿದವರೂ ಲೀನ್. 1942ರಿಂದ ಎಷ್ಟೋ ಜನ ಒಳ್ಳೆಯ ಸಂಕಲನಕಾರರ ಜೊತೆ ಕೆಲಸ ಮಾಡಿದವರು ಎಪ್ಪತ್ತಾರನೆಯ ವಯಸ್ಸಿನಲ್ಲಿ ಆ ಕುರ್ಚಿಯಲ್ಲಿ ತಾವೇ ಹೋಗಿ ಕೂತರು. 1985ರ ಆಸ್ಕರ್‌ಗೆ ಅವರ ಹೆಸರು ನಿರ್ದೇಶನ, ಚಿತ್ರಕತೆ, ಸಂಕಲನ ಮೂರಕ್ಕೂ ಇತ್ತು. ಮೂರೂ ಬರಲಿಲ್ಲ.

ಗುಹೆಯ ದೃಶ್ಯದಲ್ಲಿ, ಇಂಗ್ಲೆಂಡಿನಿಂದ ಬಂದ ಯುವತಿ ಆಡೆಲಾ ಒಳಗೆ ಹೋಗುತ್ತಾಳೆ. ಬೆಂಕಿಕಡ್ಡಿ ಗೀರುತ್ತಾಳೆ. ಹೊರಗೆ, ಗುಹೆ ತೋರಿಸಲು ಕರೆತಂದ ಡಾಕ್ಟರ್ ಅಜೀಜ್ ಅವಳನ್ನು ಹುಡುಕುತ್ತಾ ಕೂಗುತ್ತಾನೆ. ಗುಹೆಯ ಬಾಯಲ್ಲಿ ಅವನ ಕಪ್ಪು ಆಕೃತಿ ಮಾತ್ರ. ಅವಳು ಕತ್ತಲಲ್ಲಿ ಮಾತಾಡದೆ ನಿಂತಿದ್ದಾಳೆ, ಕಣ್ಣಲ್ಲಿ ನೀರು. ಅಲ್ಲಿಗೆ ಕಟ್. ಒಳಗೆ ಏನಾಯಿತು, ಏನಾದರೂ ಆಯಿತಾ ಇಲ್ಲವಾ, ಲೀನ್ ಹೇಳುವುದಿಲ್ಲ. ಇಡೀ ಚಿತ್ರ, ಅಜೀಜ್ ಮೇಲೆ ಬಂದ ಆರೋಪ, ಕೋರ್ಟು, ಊರಿನ ಗಲಾಟೆ, ಸ್ನೇಹ ಮುರಿದದ್ದು, ಎಲ್ಲ ನಿಂತಿರುವುದು ಕೊಡದೇ ಉಳಿದ ಆ ಶಾಟಿನ ಮೇಲೆ. ಟೀ ಅಂಗಡಿಯ ಆ ಶಾಟನ್ನು ಕೊನೆಗಾದರೂ ಕೊಟ್ಟಿದ್ದರು. ಇಲ್ಲಿ ಕೊಡಲೇ ಇಲ್ಲ.

ಇದರ ಪಕ್ಕದಲ್ಲೇ ಪ್ರೊಫೆಸರ್ ಗೋಡ್ಬೋಲೆ ಇದ್ದಾರೆ. ಅಲೆಕ್ ಗಿನ್ನೆಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬ್ರಾಹ್ಮಣರಾಗಿದ್ದಾರೆ. ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಶನ್ ಸೇಠ್ ಇದ್ದ ಚಿತ್ರದಲ್ಲಿ ಇದರ ಅಗತ್ಯ ಏನಿತ್ತು? ಫೇಗಿನ್‌ನ ಮೂಗಿನಿಂದ ಅವರು ಏನೂ ಕಲಿತಿರಲಿಲ್ಲ. ಆ ಪಾತ್ರ ಪರದೆ ಮೇಲೆ ಬಂದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಲೀನ್ ಮೇಲೆ ಇಷ್ಟು ಪ್ರೀತಿ ಇರುವುದರಿಂದಲೇ ಮುಜುಗರ ಜಾಸ್ತಿ.

ಗಿನ್ನೆಸ್ ಅವರಿಗೆ ಈ ಚಿತ್ರದಲ್ಲಿ ಒಂದು ನೃತ್ಯವಿತ್ತು. ಕಷ್ಟಪಟ್ಟು ಕಲಿತು ಮಾಡಿದ್ದರು. ಸಂಕಲನದಲ್ಲಿ ಲೀನ್ ಅದನ್ನು ತೆಗೆದುಹಾಕಿದರು. 1946ರ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಿಂದ ಜೊತೆಗಿದ್ದ ಗೆಳೆತನ ಇದರಿಂದ ಹಳಸಿತು. ಲೀನ್ ನಿರ್ದೇಶಕರಷ್ಟೇ ಆಗಿದ್ದರೆ ಹಳೇ ಗೆಳೆಯನ ಮುಖ ನೋಡಿ ಒಂದಷ್ಟನ್ನು ಉಳಿಸುತ್ತಿದ್ದರೋ ಏನೋ. ಮೇಜಿನ ಮುಂದೆ ಕೂತವರಿಗೆ ಗೆಳೆಯರಿರುವುದಿಲ್ಲ. ಆ ಶಾಟ್ ತೆಗೆಯಲು ಎಷ್ಟು ಬೆವರು ಸುರಿಸಿದರು ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

'ಲಾರೆನ್ಸ್' ಚಿತ್ರಕ್ಕೆ ಕಡೆಗೆ ಏನಾಯಿತು ಅಂತಲೂ ಹೇಳಬೇಕು. 1962ರ ಮೊದಲ ಪ್ರದರ್ಶನದಲ್ಲಿ ಅದು 222 ನಿಮಿಷ ಇತ್ತು. ಹೆಚ್ಚು ಆಟಗಳಿಗಾಗಿ ಆಗಲೇ ಕತ್ತರಿಸಿದರು, ಆಮೇಲೆ ಇನ್ನಷ್ಟು ಕತ್ತರಿಸಿ 187 ನಿಮಿಷಕ್ಕೆ ಇಳಿಸಿದರು. 1980ರ ದಶಕದ ಕೊನೆಗೆ ರಾಬರ್ಟ್ ಹ್ಯಾರಿಸ್ ಎಂಬವರು ಕಳೆದುಹೋದ ತುಣುಕುಗಳನ್ನು ಹುಡುಕಿ ಮತ್ತೆ ಜೋಡಿಸಿದರು. ಕೆಲವಕ್ಕೆ ಶಬ್ದವೇ ಇರಲಿಲ್ಲ. ಪೀಟರ್ ಓಟೂಲ್, ಗಿನ್ನೆಸ್ ಮೊದಲಾದವರು ಕಾಲು ಶತಮಾನದ ಹಿಂದಿನ ತಮ್ಮದೇ ತುಟಿಗಳಿಗೆ ಮತ್ತೆ ಮಾತು ಕೊಟ್ಟರು. ಜಾಕ್ ಹಾಕಿನ್ಸ್ ತೀರಿಕೊಂಡಿದ್ದರು, ಅವರಿಗೆ ಬೇರೆ ನಟರ ದನಿ.

ಎಂಬತ್ತರ ಲೀನ್ ಮತ್ತು ಆ್ಯನ್ ಕೋಟ್ಸ್ ಮತ್ತೆ ಒಟ್ಟಿಗೆ ಕೂತರು. ಕಳೆದುಕೊಂಡದ್ದೆಲ್ಲ ಹೆಚ್ಚುಕಡಿಮೆ ಎದುರಿಗಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ಚೂರೂ ಬಿಡದೆ ಸೇರಿಸುತ್ತಿದ್ದರು, ಅಲ್ವಾ? ಇವರಿಬ್ಬರು ಅಲ್ಲೂ ಕೆಲವು ಕಡೆ ಕತ್ತರಿಸಿದರು. 1989ರಲ್ಲಿ ಬಿಡುಗಡೆಯಾದ ಆವೃತ್ತಿ 216 ನಿಮಿಷ, ಮೊದಲಿನದಕ್ಕಿಂತ ಚಿಕ್ಕದು. ಅದಾದ ಎರಡು ವರ್ಷಕ್ಕೆ, 1991ರ ಏಪ್ರಿಲ್ 16ರಂದು, ಜೋಸೆಫ್ ಕಾನ್ರಾಡ್ ಅವರ ಕಾದಂಬರಿ 'ನೊಸ್ಟ್ರೊಮೊ'ದ ಚಿತ್ರೀಕರಣಕ್ಕೆ ಕೆಲವೇ ವಾರ ಬಾಕಿ ಇರುವಾಗ ಲೀನ್ ತೀರಿಕೊಂಡರು.